ಮೇನ್‌ಲೈನೋ, ಸೈಡ್‌ಲೈನೋ: ಬೆಳಗಾವಿಯ ಒಬ್ಬ ಕ್ಲಬ್ ಆಟಗಾರರ ಪ್ರಕರಣ

ಚೆಸ್‌ನಲ್ಲಿ ಸೋತು ಹಾಲ್‌ನಿಂದ ಹೊರಗೆ ಬಂದ ಕ್ಲಬ್ ಆಟಗಾರ ಮೊದಲು ಬೈಯೋದು ಓಪನಿಂಗನ್ನ, ಅಂದರೆ ಆಟ ಶುರುಮಾಡುವ ನಡೆಗಳ ಕ್ರಮವನ್ನ. ಮೂವತ್ತನೇ ನಡೆಯಲ್ಲಿ ಆನೆ ಬಿಟ್ಟುಕೊಟ್ಟಿದ್ದರೂ ಸರಿ, ‘ಈ ಓಪನಿಂಗ್ ನನಗೆ ಆಗಿಬರಲ್ಲ’ ಅನ್ನೋ ಮಾತು ಬಂದೇ ಬರುತ್ತೆ. ಆಮೇಲೆ ಪ್ರಶ್ನೆ ಶುರು. ಗ್ರ್ಯಾಂಡ್‌ಮಾಸ್ಟರ್‌ಗಳು ಆಡುವ ಮೇನ್‌ಲೈನ್ ಕಲಿಯೋಣವೋ, ಎದುರಾಳಿಗೆ ಗೊತ್ತಿಲ್ಲದ ಸೈಡ್‌ಲೈನ್ ಹಿಡಿಯೋಣವೋ? ಮೊದಲು ಒಂದು ತುದಿಗೆ, ಆಮೇಲೆ ಇನ್ನೊಂದು ತುದಿಗೆ ಹೋಗಿ ಬಂದ ಒಬ್ಬ ಆಟಗಾರರ ಪ್ರಕರಣ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಕೆಲಸ, ವಯಸ್ಸು, ಟೂರ್ನಿಗಳ ವಿವರ ಅಲ್ಲಲ್ಲಿ ಬದಲಿಸಿದ್ದೇನೆ. ನಡೆಗಳನ್ನು ಬದಲಿಸಿಲ್ಲ.

ಹಿನ್ನೆಲೆ

ಊರು ಬೆಳಗಾವಿ. ಕ್ಲಬ್ ಅಂದರೆ ದೊಡ್ಡದೇನಲ್ಲ. ಟಿಳಕವಾಡಿ ಕಡೆ ಒಂದು ಹಾಲ್, ಕೆಲವು ಬೋರ್ಡ್, ವಾರದ ಕೊನೆಗೆ ಸಂಜೆ ಸೇರುವ ಇಪ್ಪತ್ತರಷ್ಟು ಜನ. ಅರ್ಧಕ್ಕರ್ಧ ಶಾಲೆ ಹುಡುಗರು. ಮಾತು ಕನ್ನಡ, ಮರಾಠಿ ಎರಡೂ ಸೇರಿಕೊಂಡು ನಡೆಯುತ್ತೆ. ಹುಡುಗರಿಗೆ ಆಟ ಹೇಳಿಕೊಡೋದು ನನ್ನ ಕೆಲಸ. ದೊಡ್ಡವರು ಕೇಳಿದರೆ ಅವರ ಆಟವನ್ನೂ ಕೂತು ನೋಡುತ್ತೇನೆ.

ನಮ್ಮ ಆಟಗಾರರನ್ನು ಇಲ್ಲಿ ಕಾಕಾ ಅನ್ನುತ್ತೇನೆ. ನಲವತ್ತು ದಾಟಿದ ಯಾರೇ ಬಾಗಿಲಲ್ಲಿ ಕಂಡರೂ ನಮ್ಮ ಹುಡುಗರು ಕಾಕಾ ಅಂತಲೇ ಕೂಗೋದರಿಂದ ಇದರಿಂದ ಯಾರ ಗುರುತೂ ಸಿಗೋದಿಲ್ಲ. ಕಾಕಾ ಆಟ ಕಲಿತದ್ದು ಚಿಕ್ಕಂದಿನಲ್ಲಿ, ಸೋದರಮಾವನ ಹತ್ತಿರ. ಕಾಲೇಜಿನ ಹೊತ್ತಿಗೆ ಬಿಟ್ಟುಹೋಗಿತ್ತು. 2020ರ ಲಾಕ್‌ಡೌನ್‌ನಲ್ಲಿ ಮೊಬೈಲ್ ಮೇಲೆ ಮತ್ತೆ ಶುರುವಾಯಿತು, ಆಮೇಲೆ ಕ್ಲಬ್‌ಗೆ ಬಂದರು. ಆಫೀಸು ಮುಗಿಸಿ ಮನೆ ಸೇರೋ ಹೊತ್ತಿಗೆ ರಾತ್ರಿ ಎಂಟು. ಊಟ ಆದಮೇಲೆ ಮುಕ್ಕಾಲು ಗಂಟೆ ಚೆಸ್‌ಗೆ ಸಿಗುತ್ತೆ. ಅದೂ ದಿನಾ ಅಲ್ಲ. ಈ ಮುಕ್ಕಾಲು ಗಂಟೆಯ ವಿಷಯ ಮುಂದೆ ಬಹಳ ಮುಖ್ಯ ಆಗುತ್ತೆ.

ಬೆಳಗಾವಿಯ ಆಟಗಾರನಿಗೆ ಒಂದು ಅನುಕೂಲ ಇದೆ. ಕೊಲ್ಹಾಪುರ, ಸಾಂಗ್ಲಿ, ಗೋವಾ, ಹುಬ್ಬಳ್ಳಿ ಎಲ್ಲಾ ಹತ್ತಿರ. ಬೆಳಗಿನ ಬಸ್ಸು ಹಿಡಿದರೆ ಕೊಲ್ಹಾಪುರದ ಟೂರ್ನಿಯ ಮೊದಲ ರೌಂಡಿಗೆ ಆರಾಮಾಗಿ ಮುಟ್ಟಬಹುದು. ಹಾಗಾಗಿ ಎದುರಾಳಿಗಳು ಎರಡು ಥರ. ಕ್ಲಬ್‌ನಲ್ಲಿ ವಾರವಾರವೂ ಅದೇ ಇಪ್ಪತ್ತು ಮುಖ. ಹೊರಗೆ ಹೋದರೆ ಪೂರ್ತಿ ಅಪರಿಚಿತರು, ಅದರಲ್ಲೂ ಹೆಚ್ಚಿನವರು ಇಂಜಿನ್ (ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂ) ಜೊತೆ ಬೆಳೆದ ಮಕ್ಕಳು. ಒಂದೇ ಓಪನಿಂಗ್ ಈ ಎರಡೂ ಕಡೆ ಒಂದೇ ಥರ ಕೆಲಸ ಮಾಡೋದಿಲ್ಲ.

ಇನ್ನು ರೇಟಿಂಗ್, ಅಂದರೆ ಆಟಗಾರನ ಬಲ ಅಳೆಯುವ ಅಂಕ. 2024ರ ಮಾರ್ಚ್ 1ರಂದು ಫಿಡೆ (ಅಂತರರಾಷ್ಟ್ರೀಯ ಚೆಸ್ ಸಂಸ್ಥೆ) 2000ಕ್ಕಿಂತ ಕೆಳಗಿನ ಎಲ್ಲರ ರೇಟಿಂಗನ್ನೂ ಮೇಲಕ್ಕೆತ್ತಿತು. 2000ಕ್ಕೆ ಎಷ್ಟು ಕಡಿಮೆ ಇದೆಯೋ ಅದರ ಶೇಕಡಾ 40ರಷ್ಟು ಸೇರಿಸಿದರು, ಕನಿಷ್ಠ ರೇಟಿಂಗನ್ನು 1400 ಮಾಡಿದರು. ಕಾಕಾ 1350ರ ಆಸುಪಾಸಿನಲ್ಲಿದ್ದವರು ರಾತ್ರೋರಾತ್ರಿ 1610ರ ಆಸುಪಾಸಿಗೆ ಬಂದರು. ಆಟ ಮಾತ್ರ ಹಳೆಯದೇ. ಈ ಎತ್ತರ ಉಳಿಸಿಕೊಳ್ಳಬೇಕು ಅನ್ನೋ ಹಟವೂ ಅವತ್ತಿನಿಂದಲೇ ಶುರುವಾಯಿತು. ಹಟಕ್ಕೆ ಕಾರಣವೂ ಇತ್ತು. 1610ರ ಹಿರಿಯರು 1450ರ ಹುಡುಗನಿಗೆ ಸೋತರೆ ಸುಮಾರು 14 ಅಂಕ ಹೋಗುತ್ತೆ. ಗೆದ್ದರೆ ಬರೋದು 6ರೊಳಗೆ. ಆ ಹುಡುಗ ನಿಜವಾಗಿ 1450ರ ಆಟಗಾರ ಆಗಿರೋದು ಅಪರೂಪ, ಅವನು ದಿನದಿನಕ್ಕೆ ಏರುತ್ತಿರುತ್ತಾನೆ.

ಆರನೇ ನಡೆಯಿಂದ ಶುರುವಾಗುವ ಓದು

ಆ ಹೊತ್ತಿಗೆ ಕಾಕಾ ಆಡುತ್ತಿದ್ದದ್ದೆಲ್ಲ ಮೇನ್‌ಲೈನ್. ಬಿಳಿ ಇದ್ದರೆ ರೂಯ್ ಲೋಪೆಜ್ ಮತ್ತು ಓಪನ್ ಸಿಸಿಲಿಯನ್. ಕಪ್ಪು ಇದ್ದರೆ ಇ4ಗೆ ನೈಡಾರ್ಫ್, ಡಿ4ಗೆ ಕಿಂಗ್ಸ್ ಇಂಡಿಯನ್. ಇವೆಲ್ಲ ಓಪನಿಂಗ್‌ಗಳ ಹೆಸರು; ಬಿಳಿಯ ಇ4ಗೆ ಕಪ್ಪು ಸಿ5 ಆಡಿದರೆ ಸಿಸಿಲಿಯನ್, ನೈಡಾರ್ಫ್ ಅದರದ್ದೇ ಒಂದು ಕವಲು. ಇ4, ಡಿ4 ಅನ್ನೋದು ಬೋರ್ಡಿನ ಮನೆಗಳ ಗುರುತು; ಕಾಯಿಯ ಹೆಸರಿಲ್ಲದಿದ್ದರೆ ಅದು ಪಾನ್ (ಕಾಲಾಳು) ನಡೆ. ಒಂದು ಆನ್‌ಲೈನ್ ಕೋರ್ಸ್ ಕೊಂಡು ಅದೇ ಮುಕ್ಕಾಲು ಗಂಟೆಯಲ್ಲಿ ನೈಡಾರ್ಫನ್ನು ಬಾಯಿಪಾಠ ಮಾಡಿದ್ದರು. 6. ಒಂಟೆ ಜಿ5 ಬಂದರೆ ಇ6, 7. ಎಫ್4 ಬಂದರೆ ರಾಣಿ ಬಿ6, ಆಮೇಲೆ ರಾಣಿ ಬಿ2ರ ಪಾನ್ ತಿನ್ನೋದು. ‘ವಿಷದ ಪಾನ್’ ಅಂತ ಹೆಸರಾದ ಈ ಲೈನ್‌ನಲ್ಲಿ ಹದಿಮೂರನೇ ನಡೆವರೆಗೆ ಬೋರ್ಡ್ ನೋಡದೆ ಹೇಳುತ್ತಿದ್ದರು. 1972ರ ವಿಶ್ವ ಚಾಂಪಿಯನ್‌ಶಿಪ್‌ನ 11ನೇ ಆಟದಲ್ಲಿ ಸ್ವತಃ ಫಿಷರ್ ಇದೇ ಲೈನ್ ಆಡಿ ಸ್ಪಾಸ್ಕಿಗೆ ಸೋತದ್ದು, ಸ್ಪಾಸ್ಕಿ 14ನೇ ನಡೆಯಲ್ಲಿ ಕುದುರೆಯನ್ನು ಹಿಂದಕ್ಕೆ ಬಿ1ಕ್ಕೆ ಇಟ್ಟದ್ದು, ಎಲ್ಲಾ ಅವರಿಗೆ ಗೊತ್ತು.

ತೊಂದರೆ ಏನಂದರೆ, ಬೆಳಗಾವಿಯಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಅವರಿಗೆ ಆ ಲೈನ್ ಆಡಲು ಯಾರೂ ಬಿಡಲಿಲ್ಲ. ಒಬ್ಬ ಎರಡನೇ ನಡೆಯಲ್ಲಿ ಸಿ3 ಆಡುತ್ತಾನೆ. ಇನ್ನೊಬ್ಬ ಒಂಟೆಯನ್ನು ಸಿ4ಕ್ಕೆ ಬಿಡುತ್ತಾನೆ. ಮತ್ತೊಬ್ಬ ಕುದುರೆ ಸಿ3, ಎಫ್4 ಅಂತ ಗ್ರ್ಯಾನ್ ಪ್ರಿ ದಾಳಿಗೆ ಇಳಿಯುತ್ತಾನೆ. ಕಾಕಾ ಓದಿದ್ದು ಆರನೇ ನಡೆಯಿಂದ ಮುಂದಿನದ್ದು. ಆಟ ಎರಡನೇ ನಡೆಯಲ್ಲೇ ಬೇರೆ ಕಡೆ ಹೊರಟುಬಿಡುತ್ತಿತ್ತು.

ಹುಬ್ಬಳ್ಳಿಯ ಒಂದು ಟೂರ್ನಿಯಲ್ಲಿ ಇದು ಅತಿಯಾಯಿತು. ಎದುರಾಳಿ ಗ್ರ್ಯಾನ್ ಪ್ರಿ ಆಡಿದ. ಕಾಕಾ ಅಭ್ಯಾಸಬಲದಿಂದ ಡಿ6, ಎ6, ಬಿ5 ಅಂತ ರಾಣಿ ಬದಿಯಲ್ಲಿ ಪಾನ್ ದೂಡುತ್ತಾ ಕೂತರು. ಅಲ್ಲಿ ಎದುರಾಳಿಯ ರಾಣಿ ಇ1ರಿಂದ ಎಚ್4ಕ್ಕೆ ಬಂತು, ಎಫ್5 ಬಂತು, ಇಪ್ಪತ್ತು ದಾಟುವುದರೊಳಗೆ ರಾಜನಿಗೆ ಉಸಿರಾಡಲು ಮನೆ ಇರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಕಾಕಾ ಹೇಳಿದ್ದು ಒಂದೇ ಮಾತು: “ಇನ್ನ ಮ್ಯಾಲ ನಾನೂ ಅವರಂಗ ಆಡ್ತೀನ್ರಿ. ಓದೋದು ಅವರ ಪಾಳಿ.”

ನಿರ್ಧಾರ ಸಿಟ್ಟಿನಲ್ಲಿ ಆದದ್ದು. ಆದರೆ ಅದರೊಳಗೆ ತರ್ಕ ಇರಲಿಲ್ಲ ಅಂತಲ್ಲ. ಓದೋಕೆ ಟೈಮ್ ಕಡಿಮೆ ಇರುವವರು ಎದುರಾಳಿಯನ್ನು ಅವನಿಗೆ ಗೊತ್ತಿಲ್ಲದ ಜಾಗಕ್ಕೆ ಎಳೆಯೋದು ಸಹಜವೇ ಅಲ್ವಾ?

ಸೈಡ್‌ಲೈನ್ ಸೀಸನ್

ಒಂದೇ ವಾರದಲ್ಲಿ ಪೂರ್ತಿ ಓಪನಿಂಗ್ ಪಟ್ಟಿಯೇ ಬದಲಾಯಿತು. ಬಿಳಿಯಲ್ಲಿ ಲಂಡನ್ ಸಿಸ್ಟಮ್. ಕಪ್ಪಿನಲ್ಲಿ ಡಿ4ಗೆ ಎಂಗ್ಲುಂಡ್ ಗ್ಯಾಂಬಿಟ್, ಅಂದರೆ ಮೊದಲ ನಡೆಯಲ್ಲೇ ಇ5 ಅಂತ ಪಾನ್ ಕೊಡೋದು. ಇ4ಗೂ ಇಂಥದ್ದೇ ಯಾವುದೋ ಗ್ಯಾಂಬಿಟ್. ‘ಎಂಟು ನಡೆಯಲ್ಲಿ ಗೆಲ್ಲಿ’ ಅನ್ನೋ ವಿಡಿಯೋಗಳಿಗೆ ಬರವಿಲ್ಲವಲ್ಲ.

ಎಂಗ್ಲುಂಡ್‌ನ ಬಲೆ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ (× ಅಂದರೆ ತಿನ್ನೋದು; ಅಂಕೆಯ ಮುಂದೆ ಮೂರು ಚುಕ್ಕಿ ಇದ್ದರೆ ಕಪ್ಪಿನ ನಡೆ). 1. ಡಿ4 ಇ5 2. ಡಿ×ಇ5 ಕುದುರೆ ಸಿ6 3. ಕುದುರೆ ಎಫ್3 ರಾಣಿ ಇ7 4. ಒಂಟೆ ಎಫ್4 ರಾಣಿ ಬಿ4 ಚೆಕ್ 5. ಒಂಟೆ ಡಿ2 ರಾಣಿ×ಬಿ2. ಈಗ ಬಿಳಿ ಸಹಜವಾಗಿ ಒಂಟೆ ಸಿ3 ಆಡಿ ರಾಣಿಗೂ ಹೊಡೆಯುತ್ತಾನೆ, ಹಿಂದಿನ ಆನೆಯನ್ನೂ ಕಾಯುತ್ತಾನೆ. ಅದೇ ತಪ್ಪು. 6... ಒಂಟೆ ಬಿ4! ಬಂದರೆ 7. ರಾಣಿ ಡಿ2 ಒಂಟೆ×ಸಿ3 8. ರಾಣಿ×ಸಿ3 ರಾಣಿ ಸಿ1 ಮೇಟ್. ಎಂಟೇ ನಡೆ.

ಮೊದಲ ಶನಿವಾರ ಇದಕ್ಕೆ ಬಿದ್ದವರು ಒಬ್ಬ ವಕೀಲರು. ಮುಂದಿನ ವಾರ ನಮ್ಮ ಕ್ಲಬ್‌ನ ಒಳ್ಳೆಯ ಆಟಗಾರನೊಬ್ಬ ಬಿದ್ದ. ಹಾಲ್‌ನಲ್ಲಿ ಚುರುಮುರಿ ಪೊಟ್ಟಣ ಹಿಡಿದ ಹುಡುಗರೆಲ್ಲ ಆ ಬೋರ್ಡ್ ಸುತ್ತ. ಕಾಕಾನ ಮುಖ ನೋಡಬೇಕಿತ್ತು. ಅದು ಅಲ್ಲಿಗೆ ನಿಂತಿದ್ದರೆ ಈ ಬರಹವೇ ಬೇಕಿರಲಿಲ್ಲ. ಇಪ್ಪತ್ತು ಜನರ ಕ್ಲಬ್‌ನಲ್ಲಿ ಗುಟ್ಟಿನ ಆಯಸ್ಸು ಎಷ್ಟು? ತಿಂಗಳೊಳಗೆ ಎಲ್ಲರಿಗೂ 6. ಕುದುರೆ ಸಿ3 ಗೊತ್ತಾಗಿತ್ತು. ಹತ್ತು ವರ್ಷದ ಹುಡುಗರೂ ಕಾಕಾ ಎದುರು ಕೂತರೆ ಬೇಕಂತಲೇ ಡಿ4 ಆಡೋಕೆ ಶುರು ಮಾಡಿದರು.

ಕ್ಲಬ್ ಹೋದರೆ ಹೋಗಲಿ, ಹೊರಗಿನ ಟೂರ್ನಿಗಿದೆಯಲ್ಲ ಅಂತ ಕಾಕಾ ಅದನ್ನು ಕೊಲ್ಹಾಪುರಕ್ಕೆ ಒಯ್ದರು. ಮೂರನೇ ರೌಂಡಿನಲ್ಲಿ ನಿಪ್ಪಾಣಿ ಕಡೆಯ ಒಬ್ಬ ಹುಡುಗಿ, ಹತ್ತು-ಹನ್ನೊಂದರ ವಯಸ್ಸು. ಕುರ್ಚಿ ಮೇಲೆ ಮೊಣಕಾಲೂರಿ ಕೂತಿದ್ದಳು, ಇಲ್ಲದಿದ್ದರೆ ಬೋರ್ಡಿನ ಆ ಕಡೆ ಕೈ ಮುಟ್ಟುತ್ತಿರಲಿಲ್ಲ. ಕಾಕಾ ರಾಣಿಯಿಂದ ಬಿ2ರ ಪಾನ್ ತೆಗೆದ ಕೂಡಲೇ ಅವಳು ಕುದುರೆಯನ್ನು ಸಿ3ಕ್ಕೆ ಇಟ್ಟು, ಗಡಿಯಾರ ಒತ್ತಿ, ನಡೆ ಬರೆದು, ನೀರಿನ ಬಾಟಲಿಯ ಮುಚ್ಚಳ ತೆಗೆದಳು. ಯೋಚನೆಗೆ ಒಂದು ಸೆಕೆಂಡೂ ಇಲ್ಲ. 6... ಒಂಟೆ ಬಿ4 7. ಆನೆ ಬಿ1 ರಾಣಿ ಎ3 8. ಆನೆ ಬಿ3 ರಾಣಿ ಎ5. ಇಲ್ಲಿಗೆ ಕಪ್ಪು ಆಡಿದ ಎಂಟು ನಡೆಯಲ್ಲಿ ಐದು ರಾಣಿಯದ್ದೇ. ಪಾನ್ ಲೆಕ್ಕ ಸಮ ಇದೆ ನಿಜ. ಆದರೆ ಬಿಳಿಯ ನಾಲ್ಕು ಕಾಯಿ ಹೊರಗೆ ಬಂದಿವೆ, ಕಪ್ಪಿನ ರಾಜ ನಡುವೆ ಸಿಕ್ಕಿದ್ದಾನೆ. ಉಳಿದದ್ದು ಹೇಳೋದು ಬೇಡ.

ಆಟ ಮುಗಿದ ಮೇಲೆ ಕಾಕಾ ಕೇಳಿದರು, “ಇದನ್ನ ಯಾರು ಕಲಿಸಿದ್ರು ಪುಟ್ಟಿ?” ಅವಳು ಅಂದಳು, “ಯಾರೂ ಕಲಿಸಿಲ್ರಿ ಕಾಕಾ. ಆನ್‌ಲೈನ್‌ನಾಗ ದಿನಾ ಯಾರರ ಒಬ್ರು ಆಡ್ತಾರ್ರಿ.”

ನನ್ನ ಲೆಕ್ಕದಲ್ಲಿ ಈ ಪ್ರಕರಣದ ಮೊದಲ ತಿರುವು ಇದೇ. ಸೈಡ್‌ಲೈನ್ ಅಂದರೆ ಎದುರಾಳಿಗೆ ಗೊತ್ತಿಲ್ಲದ್ದು ಅಂತ ಕಾಕಾ ನಂಬಿದ್ದರು. ಮೊಬೈಲ್‌ನಲ್ಲಿ ದಿನಕ್ಕೆ ಇಪ್ಪತ್ತು ಬ್ಲಿಟ್ಜ್ (ಕೆಲವೇ ನಿಮಿಷದ ಆಟ) ಆಡುವ ಮಕ್ಕಳಿಗೆ ನೈಡಾರ್ಫ್‌ನ ಹದಿಮೂರನೇ ನಡೆ ಗೊತ್ತಿಲ್ಲ, ಎಂಗ್ಲುಂಡ್‌ನ ಆರನೇ ನಡೆ ಚೆನ್ನಾಗಿ ಗೊತ್ತು. ಬಲೆ ಎಷ್ಟು ಜನಪ್ರಿಯವೋ ಅದರ ಉತ್ತರವೂ ಅಷ್ಟೇ ಜನಪ್ರಿಯ.

ಲಂಡನ್‌ನ ಕಥೆ ಬೇರೆ. ಅದು ಕೆಟ್ಟ ಓಪನಿಂಗ್ ಅಲ್ಲವೇ ಅಲ್ಲ. 2023ರಲ್ಲಿ ಅಸ್ತಾನಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನ ಆರನೇ ಆಟದಲ್ಲಿ ಡಿಂಗ್ ಲಿರೆನ್ ಲಂಡನ್ ಆಡಿಯೇ ನೆಪೋಮ್‌ನ್ಯಾಶಿಯನ್ನು ಸೋಲಿಸಿದರು. ಕಾಕಾ ಇದನ್ನು ಆಗಾಗ ಎತ್ತಿ ಹೇಳುತ್ತಿದ್ದರು. ಆದರೆ ಕಾಕಾ ಕಲಿತದ್ದು ಕಾಯಿ ಜೋಡಿಸುವ ಕ್ರಮ ಮಾತ್ರ. ಒಂಟೆ ಎಫ್4, ಇ3, ಸಿ3, ಕುದುರೆ ಎಫ್3, ಎದುರಿಗೆ ಏನೇ ಬರಲಿ. ಸಾಂಗ್ಲಿಯಲ್ಲಿ ಒಬ್ಬ ಹುಡುಗ ಸಿ5 ಆಡಿ, ಐದನೇ ನಡೆಯಲ್ಲಿ ರಾಣಿಯನ್ನು ಬಿ6ಕ್ಕೆ ತಂದ. ಕಾಕಾ ರಾಣಿ ಬಿ3 ಅಂದರು. ಅವನು ಸಿ4 ಅಂದ. ಕಾಕಾ ರಾಣಿಯನ್ನು ಸಿ2ಕ್ಕೆ ಹಿಂದೆಗೆದರು. ಹುಡುಗ ಒಂಟೆಯನ್ನು ಎಫ್5ಕ್ಕೆ, ನೇರ ರಾಣಿಯ ಬಾಯಿಗೇ ಇಟ್ಟ. ಪುಕ್ಕಟೆ ಸಿಕ್ಕಿತು ಅಂತ ಕಾಕಾ ತಿಂದರು. ರಾಣಿ ಸಿ2 ಬಿಟ್ಟ ಕೂಡಲೇ ಬಿ2ರ ಪಾನ್‌ಗೆ ಕಾವಲು ಹೋಯಿತು. ಅವನ ರಾಣಿ ಬಿ2ಕ್ಕೆ ಬಂತು, ಮೂಲೆಯ ಆನೆಗೆ ತಪ್ಪಿಸಿಕೊಳ್ಳೋಕೆ ದಾರಿ ಇಲ್ಲ. ಎಂಟು ನಡೆಯಲ್ಲಿ ಆಟ ಮುಗಿದಂತೆಯೇ. ಬಲೆ ಹಾಕೋಕೆ ಹೊರಟವರು ತಾವೇ ಬಲೆಗೆ ಬಿದ್ದಿದ್ದರು.

ಸ್ಕೋರ್‌ಶೀಟ್‌ಗಳು ಹೇಳಿದ್ದು

ಅಷ್ಟರಲ್ಲಿ ರೇಟಿಂಗ್ 1500ರ ಕಡೆ ಇಳಿದಿತ್ತು. ಮಳೆಗಾಲ, ಹೊರಗಿನ ಟೂರ್ನಿ ಕಡಿಮೆ. ಕಾಕಾ ಹಳೆಯ ಸ್ಕೋರ್‌ಶೀಟ್‌ಗಳ ಕಟ್ಟು ತಂದು ಮೇಜಿನ ಮೇಲೆ ಇಟ್ಟರು. “ನೋಡ್ರಿ ಸರ್, ಯಾವ ಓಪನಿಂಗ್ ಇಡಬೇಕು, ಯಾವುದು ಬಿಡಬೇಕು ಹೇಳ್ರಿ.”

ಓಪನಿಂಗ್ ಹೆಸರು ನೋಡದೆ ಲೆಕ್ಕ ಶುರು ಮಾಡಿದೆವು. ಪ್ರತಿ ಆಟಕ್ಕೂ ಮೂರೇ ಪ್ರಶ್ನೆ. ಕಾಕಾಗೆ ಗೊತ್ತಿದ್ದ ನಡೆಗಳು ಎಲ್ಲಿ ಮುಗಿದವು? ಆ ಹೊತ್ತಿಗೆ ಸ್ಥಾನ ಹೇಗಿತ್ತು, ಗಡಿಯಾರದಲ್ಲಿ ಎಷ್ಟಿತ್ತು? ಆಟ ನಿಜವಾಗಿ ಯಾವ ನಡೆಯಲ್ಲಿ ಕೈತಪ್ಪಿತು? ಕಾಕಾಗೆ ಸ್ಕೋರ್‌ಶೀಟ್ ಅಂಚಿನಲ್ಲಿ ಟೈಮ್ ಬರೆದಿಡೋ ಅಭ್ಯಾಸ ಇದ್ದದ್ದು ಇಲ್ಲಿ ವರವಾಯಿತು.

ಸಿಸಿಲಿಯನ್ ಆಟಗಳಲ್ಲಿ ನೈಡಾರ್ಫ್‌ನ ಐದನೇ ನಡೆ ಎ6ವರೆಗೆ ಮುಟ್ಟಿದ್ದೇ ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆ. ವಿಷದ ಪಾನ್ ಒಂದು ಸಲವೂ ಬೋರ್ಡ್ ಮೇಲೆ ಬಂದಿರಲಿಲ್ಲ. ಒಂದು ಸಲವೂ! ಅಷ್ಟು ರಾತ್ರಿಗಳ ಓದು ಹಾಗೇ ಉಳಿದಿತ್ತು. ಸೈಡ್‌ಲೈನ್ ಸೀಸನ್‌ನಲ್ಲಿ ಉಲ್ಟಾ. ಲೈನ್ ಪ್ರತಿ ಸಲ ಬರುತ್ತಿತ್ತು, ಆದರೆ ಎದುರಾಳಿಗೆ ಉತ್ತರ ಗೊತ್ತಿದ್ದರೆ ಕಾಕಾ ಹತ್ತನೇ ನಡೆಗೇ ಹಿಂದೆ ಬಿದ್ದಿರುತ್ತಿದ್ದರು. ಎರಡೂ ಕಾಲದಲ್ಲಿ ಒಂದು ಮಾತ್ರ ಸಮಾನ. 90 ನಿಮಿಷದ ಆಟದಲ್ಲಿ ಹದಿನೈದನೇ ನಡೆಯೊಳಗೆ ಅರ್ಧ ಟೈಮ್ ಖರ್ಚು. ಇಪ್ಪತ್ತರಿಂದ ಮೂವತ್ತರ ನಡುವೆ ಗಡಿಬಿಡಿಯಲ್ಲಿ ತಪ್ಪು. ಹೆಚ್ಚಿನ ಆಟ ಸೋತದ್ದು ಅಲ್ಲಿ.

‘ಹಾಗಾದರೆ ಓಪನಿಂಗ್ ಬಿಟ್ಟು ಟ್ಯಾಕ್ಟಿಕ್ಸ್ ಮಾಡ್ರಿ’ ಅನ್ನೋದು ಎಲ್ಲರೂ ಕೊಡೋ ಸಲಹೆ. ನಾನು ಅದನ್ನು ಪೂರ್ತಿ ಒಪ್ಪೋದಿಲ್ಲ. ಇಪ್ಪತ್ತೈದನೇ ನಡೆಯ ತಪ್ಪಿಗೆ ಎಷ್ಟೋ ಸಲ ಕಾರಣ ಹತ್ತನೇ ನಡೆಯಲ್ಲಿ ಕಳೆದ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ಹೋದದ್ದು ಇಲ್ಲಿ ಏನು ಮಾಡಬೇಕು ಅಂತ ಗೊತ್ತಿಲ್ಲದ್ದಕ್ಕೆ. ಅಷ್ಟರ ಮಟ್ಟಿಗೆ ಅದು ಓಪನಿಂಗ್ ವಿಷಯವೇ.

ಎರಡನೇ ತಿರುವು ಗೆದ್ದ ಆಟಗಳಿಂದ ಬಂತು. ಅವುಗಳನ್ನು ಬೇರೆ ಇಟ್ಟು ನೋಡಿದರೆ ಹೆಚ್ಚಿನವು ಎರಡೇ ಬಗೆ. ಒಂದು, ಇಟಾಲಿಯನ್ ಓಪನಿಂಗ್ (ಇ4 ಇ5 ಆದಮೇಲೆ ಒಂಟೆಯನ್ನು ಸಿ4ಕ್ಕೆ ಬಿಡೋದು) ಥರದ ನಿಧಾನದ ಆಟ. ಇನ್ನೊಂದು, ಡಿ4ರಲ್ಲಿ ಬಿಳಿಯ ಪಾನ್ ಒಂಟಿಯಾಗಿ ನಿಂತು, ಸುತ್ತ ಕಾಯಿಗಳಿಗೆಲ್ಲ ದಾರಿ ಬಿಟ್ಟುಕೊಟ್ಟಿರುವ ಸ್ಥಾನ. ಎಲ್ಲಿಂದ ಕಲಿತಿರಿ ಅಂತ ಕೇಳಿದರೆ ಕಾಕಾಗೆ ಗೊತ್ತಿಲ್ಲ. “ಮಾವ ಹಿಂಗ ಆಡ್ತಿದ್ದ್ರು” ಅಂದರು. ಆ ಒಂಟಿ ಪಾನ್ ಇದ್ದಾಗ ಕುದುರೆಗೆ ಇ5 ಬೇಕು, ಒಂಟೆ ಮತ್ತು ರಾಣಿ ಎಚ್7 ಕಡೆ ನೋಡಬೇಕು, ಸಮಯ ಬಂದಾಗ ಡಿ5 ತಳ್ಳಬೇಕು. ಇದೆಲ್ಲ ಅವರ ಕೈಗೆ ತಾನಾಗಿ ಬರುತ್ತಿತ್ತು. ಅಂಥ ಆಟಗಳಲ್ಲಿ ಟೈಮ್ ಕೂಡ ಉಳಿದಿತ್ತು.

ಇಬ್ಬರ ವಾದ

ಇಷ್ಟೆಲ್ಲ ನೋಡುತ್ತಿರುವಾಗ ಪಕ್ಕದಲ್ಲಿ ಇಬ್ಬರಿದ್ದರು. ಒಬ್ಬ ಇಂಜಿನಿಯರಿಂಗ್ ಓದುವ ಹುಡುಗ, ನಮ್ಮಲ್ಲಿ ಎಲ್ಲರಿಗಿಂತ ಜಾಸ್ತಿ ರೇಟಿಂಗ್. ಇನ್ನೊಬ್ಬರು ರಿಟೈರ್ ಆದ ಮಾಸ್ತರರು. ಬಿಳಿ ಬಂದರೆ 1. ಎಫ್4 ಬಿಟ್ಟು ಬೇರೇನೂ ಆಡದವರು.

ಹುಡುಗ ಅಂದ, “ಕಾಕಾ, ಮೇನ್‌ಲೈನ್ ಆಡದೆ ಚೆಸ್ ತಿಳಿಯಂಗಿಲ್ರಿ. ಸೈಡ್‌ಲೈನ್ ಆಡಿದ್ರ ಸೈಡಿನ್ಯಾಗ ಉಳೀತೀರಿ.”

ಮಾಸ್ತರರು ನಕ್ಕರು. “ತಮ್ಮಾ, ನಾ ಮೂವತ್ತು ವರ್ಷದಿಂದ ಎಫ್4 ಆಡಾಕತ್ತೀನಿ. ಇಲ್ಲಿ ಎಲ್ಲಾರಿಗೂ ಗೊತ್ತೈತಿ. ನಂಗ ಇದ ಮೇನ್‌ಲೈನ್.”

ಅವರ ಮಾತಿನಲ್ಲಿ ತೂಕ ಇತ್ತು. ಎಫ್4ಗೆ ಕಪ್ಪು ಇ5 ಅಂತ ಪಾನ್ ಕೊಟ್ಟರೆ ಅವರು ತಿನ್ನೋದಿಲ್ಲ. 2. ಇ4 ಆಡಿ ಸುಮ್ನೆ ಕಿಂಗ್ಸ್ ಗ್ಯಾಂಬಿಟ್‌ಗೆ ತಿರುಗಿಸುತ್ತಾರೆ, ಅದೂ ಅವರಿಗೆ ಗೊತ್ತಿರುವ ಜಾಗವೇ. ಎಲ್ಲರಿಗೂ ಮೊದಲೇ ತಿಳಿದಿದ್ದರೂ ಅವರ ಎಫ್4 ಇನ್ನೂ ಗೆಲ್ಲುತ್ತೆ. ಕಾಕಾನ ಎಂಗ್ಲುಂಡ್ ತಿಂಗಳಿಗೇ ಸತ್ತಿತು. ಎರಡೂ ಸೈಡ್‌ಲೈನೇ. ಒಂದು ಎದುರಾಳಿಯ ಅಜ್ಞಾನದ ಮೇಲೆ ನಿಂತಿತ್ತು, ಇನ್ನೊಂದು ಆಡುವವರ ತಿಳಿವಿನ ಮೇಲೆ.

ಹುಡುಗನ ಮಾತನ್ನೂ ತಳ್ಳಿಹಾಕುವಂತಿಲ್ಲ. ಅವನು ದಿನಕ್ಕೆ ಮೂರು ಗಂಟೆ ಓದುತ್ತಾನೆ, ನೆನಪು ಚುರುಕು, ಎದುರಿಗೆ ಬರುವವರು ಮೇನ್‌ಲೈನ್ ಆಡುವವರೇ. ಅವನಿಗೆ ಅದು ಸರಿ. ಮಕ್ಕಳಿಗೂ ನಾನು ಅದನ್ನೇ ಹೇಳೋದು. ಆ ಸಮಯದಲ್ಲೇ ಒಬ್ಬ ತಂದೆ ಬಂದು, ತಮ್ಮ ಎಂಟು ವರ್ಷದ ಮಗನಿಗೆ ಲಂಡನ್ ಒಂದನ್ನೇ ಕಲಿಸಿ, ಬೇಗ ರೇಟಿಂಗ್ ಬರಲಿ ಅಂದರು. ಬೇಡ ಅಂದೆ. ಆ ಮಗುವಿಗೆ ಇ4 ಇ5 ಆಡಿ, ನಡು ಬೋರ್ಡ್ ತೆರೆದು, ಹತ್ತು ಬಗೆಯ ಸ್ಥಾನಗಳಲ್ಲಿ ಪೆಟ್ಟು ತಿನ್ನೋಕೆ ವರ್ಷಗಳು ಇವೆ. ಕಾಕಾಗೆ ಇರೋದು ರಾತ್ರಿಯ ಮುಕ್ಕಾಲು ಗಂಟೆ.

ಯಾವುದು ಉಳಿಯಿತು, ಯಾವುದು ಹೋಯಿತು

ಪ್ರತಿ ಓಪನಿಂಗನ್ನೂ ಒಂದೇ ಪ್ರಶ್ನೆಯ ಮುಂದೆ ನಿಲ್ಲಿಸಿದೆವು: ಇದರ ಸರಿಯಾದ ಉತ್ತರ ಗೊತ್ತಿರುವವನು ಎದುರಿಗೆ ಕೂತರೆ, ಕಾಕಾಗೆ ಆಡೋಕೆ ಬರುವ ಸ್ಥಾನ ಸಿಗುತ್ತಾ?

ಎಂಗ್ಲುಂಡ್ ಅಲ್ಲೇ ಬಿತ್ತು. ನೈಡಾರ್ಫ್ ಬೇರೆ ಕಾರಣಕ್ಕೆ ಬಿತ್ತು. ಓಪನಿಂಗ್ ಗಟ್ಟಿ, ಆದರೆ ಬಿಳಿಗೆ ಆರನೇ ನಡೆಯಲ್ಲೇ ಹತ್ತಾರು ದಾರಿ, ಅದರ ಹಿಂದೆ ಎರಡನೇ ನಡೆಯ ಅಡ್ಡದಾರಿಗಳು. ಎಲ್ಲವನ್ನೂ ನೆನಪಿನಲ್ಲಿ ಇಟ್ಟುಕೊಳ್ಳೋದು ಮುಕ್ಕಾಲು ಗಂಟೆಯ ಕೆಲಸ ಅಲ್ಲ. ಕಿಂಗ್ಸ್ ಇಂಡಿಯನ್ ಕೂಡ ಹಾಗೇ ಹೋಯಿತು. ಲಂಡನ್ ಬಗ್ಗೆ ಸ್ವಲ್ಪ ಜಗಳ ಆಯಿತು. ಕೊನೆಗೆ ಬ್ಲಿಟ್ಜ್‌ಗೆ ಇರಲಿ ಅಂತ ಬಿಟ್ಟೆವು.

ಬಿಳಿಯಲ್ಲಿ ಇ4 ವಾಪಸ್ ಬಂತು. ಇ5 ಬಂದರೆ ಇಟಾಲಿಯನ್, ಸಿ3 ಮತ್ತು ಡಿ3 ಇಟ್ಟು ನಿಧಾನಕ್ಕೆ. ಇದು ಇವತ್ತಿನ ದೊಡ್ಡ ಟೂರ್ನಿಗಳಲ್ಲೂ ಮೇನ್‌ಲೈನೇ. ಸಿಸಿಲಿಯನ್ ಬಂದರೆ 2. ಸಿ3, ಅಲಾಪಿನ್. ಅದು ಸೈಡ್‌ಲೈನ್. ಹೆಸರು ನೋಡಿ ಆರಿಸಲಿಲ್ಲ. 2... ಡಿ5 3. ಇ×ಡಿ5 ರಾಣಿ×ಡಿ5 4. ಡಿ4 ಆದಮೇಲೆ ಬಹಳ ಸಲ ಅದೇ ಒಂಟಿ ಡಿ4 ಪಾನ್ ಸ್ಥಾನ ಸಿಗುತ್ತೆ ಅಂತ ಆರಿಸಿದ್ದು. ಕಪ್ಪು ಸರಿಯಾಗಿ ಆಡಿದರೆ ಇಂಜಿನ್ ಸಮ ಅನ್ನುತ್ತೆ. ಅನ್ನಲಿ. ಕಾಕಾಗೆ ಆ ಸಮ ಸ್ಥಾನದಲ್ಲಿ ಏನು ಮಾಡಬೇಕು ಅಂತ ಗೊತ್ತು. ಕಪ್ಪಿನಲ್ಲಿ ಇ4ಗೆ ಇ5, ಡಿ4ಗೆ ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್. ಎರಡೂ ಹಳೆಯ, ಗಟ್ಟಿ ಮೇನ್‌ಲೈನ್. ಇಟಾಲಿಯನ್ ಎರಡೂ ಬಣ್ಣದಲ್ಲಿ ಬರೋದರಿಂದ ಒಂದೇ ಓದು ಎರಡು ಕಡೆಗೆ ಆಗುತ್ತೆ. ಇದು ನಮ್ಮ ಹುಡುಗ ಕೊಟ್ಟ ಐಡಿಯಾ, ಒಳ್ಳೆಯದಾಗಿತ್ತು.

ದೊಡ್ಡವರೂ ಹೀಗೇ ಬೆರೆಸುತ್ತಾರೆ. 2018ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಾರ್ಲ್‌ಸನ್ನರ ಸಿಸಿಲಿಯನ್ ಎದುರು ಕರುವಾನ ಮೊದಲ ಮೂರು ಬಿಳಿ ಆಟಗಳಲ್ಲಿ 3. ಒಂಟೆ ಬಿ5 ಅನ್ನೋ ಅಡ್ಡದಾರಿ ಆಡಿದರು, ಆಮೇಲೆ ಓಪನ್ ಸಿಸಿಲಿಯನ್‌ಗೆ ಬಂದರು.

ಏನಾಯಿತು

ಮೊದಲ ಟೂರ್ನಿ ಚೆನ್ನಾಗಿ ಆಗಲಿಲ್ಲ. ಗೋವಾದಲ್ಲಿ ಇ5 ಆಡಿದ ಮೊದಲ ಆಟಕ್ಕೇ ಸ್ಕಾಚ್ ಗ್ಯಾಂಬಿಟ್ ಬಂತು: 3. ಡಿ4 ಇ×ಡಿ4 4. ಒಂಟೆ ಸಿ4. ಕಾಕಾ 4... ಕುದುರೆ ಎಫ್6 ಆಡಿದರು, 5. ಇ5 ಬಂದ ಮೇಲೆ ಕುದುರೆ ಎತ್ತಿಕೊಂಡು ಓಡಿದರು, ಸೋತರು. ಅಲ್ಲಿ 5... ಡಿ5 ಅಂತ ಎದುರು ಹೊಡೆಯಬೇಕು. ಮೊದಲಿನ ಕಾಕಾ ಆಗಿದ್ದರೆ ಬಸ್ಸಿನಲ್ಲೇ ಇ5 ಬಿಟ್ಟುಬಿಡುತ್ತಿದ್ದರು. ಈ ಸಲ ಆ ಒಂದು ನಡೆಯನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡು, ಮುಂದಿನ ಶನಿವಾರ ಅದನ್ನೇ ಆಡು ಅಂತ ಹುಡುಗರನ್ನು ಎದುರಿಗೆ ಕೂರಿಸಿಕೊಂಡರು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಇದು. ಸೋಲಿಗೆ ಓಪನಿಂಗ್ ಪೂರ್ತಿ ಬದಲಿಸದೆ, ಅದರೊಳಗಿನ ಒಂದು ತೂತು ಮುಚ್ಚಿದರು.

ಸಾಂಗ್ಲಿಯಲ್ಲಿ ಅಲಾಪಿನ್ ಕೆಲಸ ಮಾಡಿತು. ಎದುರಾಳಿ ಒಳ್ಳೆಯ ತಯಾರಿ ಇದ್ದ ಹುಡುಗ, ಹತ್ತನೇ ನಡೆವರೆಗೆ ಪಟಪಟ ಆಡಿದ. ಆಮೇಲೆ ನಿಂತ. ಕಾಕಾ ಎ3, ಒಂಟೆ ಸಿ2, ರಾಣಿ ಡಿ3 ಅಂತ ಎಚ್7ಗೆ ಗುರಿ ಇಟ್ಟರು. ಅವನು ಜಿ6 ಆಡಲೇಬೇಕಾಯಿತು. ಒಂಟೆ ಎಚ್6, ಆನೆಗಳು ನಡುವಿಗೆ, ಕೊನೆಗೆ ಡಿ5. ಹದಿನೈದನೇ ನಡೆಯ ಹೊತ್ತಿಗೆ ಕಾಕಾ ಹತ್ತಿರ ಒಂದು ಗಂಟೆಗಿಂತ ಜಾಸ್ತಿ ಉಳಿದಿತ್ತು, ಹುಡುಗ ಅರ್ಧ ಗಂಟೆಗೆ ಇಳಿದಿದ್ದ.

ವರ್ಷದ ಕೊನೆಗೆ ರೇಟಿಂಗ್ 1560ರ ಆಸುಪಾಸು. ಶುರುವಿನ 1610 ವಾಪಸ್ ಬಂದಿಲ್ಲ. ಇದನ್ನು ಗೆಲುವಿನ ಕಥೆ ಅಂತ ಹೇಳೋಕಾಗಲ್ಲ. ಆ 1610ರಲ್ಲಿ ಫಿಡೆ ಕೊಟ್ಟದ್ದೆಷ್ಟು, ಆಟದ್ದೆಷ್ಟು ಅನ್ನೋದೂ ಬೇರೆ ಮಾತು. ಬಿಳಿಯಲ್ಲಿ ಫಲಿತಾಂಶ ಕಣ್ಣಿಗೆ ಕಾಣುವಷ್ಟು ಸುಧಾರಿಸಿದೆ. ಟೈಮ್ ಇಲ್ಲದೆ ಸೋಲೋದು ಅಪರೂಪ ಆಗಿದೆ. ಕ್ಲಬ್‌ನಲ್ಲಿ ಎಲ್ಲರಿಗೂ ಕಾಕಾ ಏನು ಆಡುತ್ತಾರೆ ಅಂತ ಗೊತ್ತು. ಅದರಿಂದ ಅವರಿಗೆ ನಷ್ಟ ಆಗಿಲ್ಲ. ವಾರವಾರ ಅದೇ ಸ್ಥಾನ ಬೋರ್ಡ್ ಮೇಲೆ ಬರೋದರಿಂದ ಓದುವ ಟೈಮ್ ಉಳಿದಿದೆ.

ಕಪ್ಪಿನಲ್ಲಿ ಡಿ4 ಎದುರು ಲೆಕ್ಕ ಇನ್ನೂ ಕೂಡಿಬಂದಿಲ್ಲ. ಕ್ವೀನ್ಸ್ ಗ್ಯಾಂಬಿಟ್‌ನಲ್ಲಿ ಬಿಳಿ ಸಿ×ಡಿ5 ಹೊಡೆದು, ಬಿ4-ಬಿ5 ಅಂತ ಪಾನ್ ದೂಡಿದರೆ ಕಪ್ಪಿನ ಸಿ6 ಪಾನ್ ಹಿಂದುಳಿದು ದುರ್ಬಲವಾಗುತ್ತೆ. ಓಪನಿಂಗ್‌ನಲ್ಲಿ ಒಂದೂ ತಪ್ಪಿಲ್ಲದೆ, ಆ ಪಾನ್ ಕಾಯುತ್ತಲೇ ಕಾಕಾ ಕೆಲವು ಆಟ ಕಳೆದುಕೊಂಡಿದ್ದಾರೆ. ಈಗ ಹನ್ನೆರಡನೇ ನಡೆಯ ಆ ಸ್ಥಾನವನ್ನು ಜೋಡಿಸಿ, ಬಣ್ಣ ಬದಲಿಸಿ ಬದಲಿಸಿ ಹುಡುಗರ ಜೊತೆ ಆಡುತ್ತಿದ್ದಾರೆ. ಮೊನ್ನೆ ಇಂಜಿನಿಯರಿಂಗ್ ಹುಡುಗ ಪಕ್ಕದಲ್ಲಿ ನಿಂತು ನೋಡಿ, “ಕಾಕಾ, ಇದನ್ನ ಬಿಟ್ಟು ಸ್ಲಾವ್ ಕಲೀರಿ” ಅಂದ. ಕಾಕಾ ಬೋರ್ಡಿನಿಂದ ಕಣ್ಣೆತ್ತಲಿಲ್ಲ.

“ಸ್ಲಾವ್‌ನಾಗ ಎರಡನೇ ನಡಿಗೇ ಪಾನ್ ಸಿ6ಕ್ಕ ಬರ್ತೈತಿ ಹೌದಿಲ್ಲೋ? ಮೊದ್ಲ ಈ ಸಿ6 ಕಾಯೋದು ಕಲೀತೀನಿ, ತಡಿ.”